ಹದಿನಾರು ತುಂಬಿದ ಮೇಲೆ

ಮೊನ್ನೆ ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಸೊಸೆ ನೂಲಿನ ಸೀರೆಗೆ ಗಂಜಿ ಹಾಕುತ್ತಿದ್ದಳು. ಯಾವಾಗಲೂ ಅಂಗಡಿಯ ಪುಡಿ ತರುವವಳು, ಅವತ್ತು ಅದು ಮುಗಿದಿತ್ತೋ ಏನೋ, ಅನ್ನ ಬಸಿದ ತಿಳಿಯನ್ನೇ ಬಕೆಟ್ಟಿಗೆ ಸುರಿದಿದ್ದಳು. ಆ ಬಿಸಿ ಗಂಜಿಯ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಹರಿಹರದ ಆಶ್ರಮದ ಅಂಗಳದಲ್ಲಿದ್ದೆ. ಎದುರಿಗೆ ದೊಡ್ಡ ಹಂಡೆಯಲ್ಲಿ ಗಂಜಿ ಕಲಕುತ್ತಾ ಅಕ್ಕ...

ಒಡಹುಟ್ಟಿದ ಅಕ್ಕನಲ್ಲ. ಅಪ್ಪ ಅವ್ವ ಇಲ್ಲದ ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಆ ಆಶ್ರಮದಲ್ಲಿ ನನಗಿಂತ ಐದಾರು ವರ್ಷ ದೊಡ್ಡವಳು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಹೊಳೆಯಲ್ಲಿ ಬಟ್ಟೆ ಒಗೆದು ತರುವುದು, ಗಂಜಿ ಹಾಕುವುದು ದೊಡ್ಡ ಹುಡುಗಿಯರ ಪಾಲು. ಅವರ ಹಿಂದೆ ಮುಂದೆ ಓಡಾಡುವುದು ನಮ್ಮಂಥ ಚಿಕ್ಕವರ ಪಾಲು. ಅಕ್ಕ ಮುದ್ದು ಮಾಡುವವಳಲ್ಲ. ತಲೆ ಬಾಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಅತ್ತರೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಅಳು, ಬ್ಯಾಡ ಅನ್ನಲ್ಲ. ಯಾಕ ಅಳ್ತಿದೀನಿ ಅಂತ ಗೊತ್ತಿಟ್ಕಂಡು ಅಳು."

ಆಶ್ರಮದಲ್ಲಿ ಒಂದು ನಿಯಮವಿತ್ತು. ಹದಿನಾರು ತುಂಬಿದ ಹುಡುಗಿ ಅಲ್ಲಿರುವಂತಿಲ್ಲ. ಆ ವಯಸ್ಸು ಹತ್ತಿರ ಬರುತ್ತಿದ್ದಂತೆ ಆಡಳಿತ ಮಂಡಳಿಯವರು ಗಂಡು ಹುಡುಕುತ್ತಿದ್ದರು. ಬರುತ್ತಿದ್ದವರು ಹೆಚ್ಚಾಗಿ ಹೆಂಡತಿ ಸತ್ತವರು, ಮಕ್ಕಳಿದ್ದವರು. ಹಾಗೆ ಮದುವೆಯಾಗಿ ಹೋದವಳೊಬ್ಬಳು ಬಸ್ಸು ಹತ್ತುವಾಗ ಅಕ್ಕನ ಕೈ ಹಿಡಿದು, "ನನ್ನ ಒಂದು ಮಾತು ಯಾರೂ ಕೇಳ್ಲಿಲ್ಲ ನೋಡು" ಅಂದಿದ್ದಳಂತೆ. ಅವಳು ಅತ್ತಿರಲಿಲ್ಲ, ಸುಮ್ಮನೆ ಹೇಳಿದ್ದಳು. ಅದೇ ಅಕ್ಕನಿಗೆ ಹೆಚ್ಚು ನಾಟಿತ್ತು.

ಮುಂದಿನ ವರ್ಷ ಅಕ್ಕನ ಸರದಿ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿತ್ತು. ನೋಡಲು ಬಂದವನ ಕಿವಿಯ ಪಕ್ಕದ ಕೂದಲು ನರೆತಿತ್ತು. ದೊಡ್ಡವರು ಹೇಳಿದ ಹಾಗೆ ಅಕ್ಕ ಚಹಾ ತಂದಿಟ್ಟಳು, ನೆಟ್ಟಗೆ ನಿಂತಳು, "ನಾನು ಒಲ್ಲೆ ರೀ. ನಾನು ಓದ್ತೀನಿ" ಅಂದಳು. ನಾವೆಲ್ಲ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆವು.

ಆ ಮನುಷ್ಯ ಎದ್ದು ಹೋದ. ನಮ್ಮನ್ನು ನೋಡಿಕೊಳ್ಳುತ್ತಿದ್ದ ಮೇಟ್ರನ್ ಅಮ್ಮ ಕೆಟ್ಟವರಲ್ಲ. ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಹದಿನಾರು ಆದ್ಮ್ಯಾಲೆ ಇಟ್ಕಳಾಕೆ ಕಾನೂನಿಲ್ಲಮ್ಮ. ನನ್ನ ಕೈಯಾಗೆ ಏನೈತೆ ಹೇಳು?" ಅಂದರು.

"ಕಾನೂನು ಯಾರು ಮಾಡ್ತಾರ್ರಿ?" ಅಂತ ಅಕ್ಕ ಕೇಳಿದಳು.

ಹದಿನಾರು ತುಂಬಿತು, ಪರೀಕ್ಷೆ ಬರೆಯದೆಯೇ ಅಕ್ಕ ಆಶ್ರಮ ಬಿಟ್ಟು ಹೋದಳು. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೂಲು ಸುತ್ತುವ ಕೆಲಸ ಸಿಕ್ಕಿತು, ಅದೇ ಊರಿನ ಆನೆಕೊಂಡದಲ್ಲಿ ಬಾಡಿಗೆಗೆ ಒಂದು ಕೋಣೆ. ಭಾನುವಾರ ರೈಲಿಗೆ ಹರಿಹರಕ್ಕೆ ಬರುತ್ತಿದ್ದಳು. ಜಡೆಯಲ್ಲಿ ಹತ್ತಿಯ ಎಳೆ ಅಂಟಿರುತ್ತಿತ್ತು, ನಾವು ಆರಿಸಿ ತೆಗೆಯುತ್ತಿದ್ದೆವು. ಅವಳು ಬರೀ ನಮ್ಮನ್ನು ನೋಡಲು ಬರುತ್ತಿಲ್ಲ ಅನ್ನುವುದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಹಿಂದೆ ಆಶ್ರಮ ಬಿಟ್ಟವರೆಲ್ಲ ಎಲ್ಲೆಲ್ಲಿದ್ದಾರೆ ಎಂದು ಮೇಟ್ರನ್ ಅಮ್ಮನನ್ನು ಕೇಳಿ ಕೇಳಿ ತಿಳಿದುಕೊಂಡು, ಒಬ್ಬೊಬ್ಬರನ್ನೇ ಹುಡುಕುತ್ತಿದ್ದಳು. ಒಬ್ಬಳು ಶಾಮನೂರಿನ ಹೊಲಮನೆಯಲ್ಲಿ ಕೂಲಿಗಿದ್ದಳು. ಒಬ್ಬಳು ವರ್ತಕರ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಒಬ್ಬಳು ಗಂಡ ಕೈಬಿಟ್ಟ ಮೇಲೆ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಇದೇ ಗಿರಣಿಗೆ ಬಂದಿದ್ದಳು.

ಒಮ್ಮೆ ನಮ್ಮ ಭಾಗದ ಶಾಸಕರು ಹರಿಹರದ ಪ್ರವಾಸಿ ಮಂದಿರಕ್ಕೆ ಬರುತ್ತಾರೆಂದು ಸುದ್ದಿಯಾಯಿತು. ಅಕ್ಕ ತಾನು ಹುಡುಕಿದವರನ್ನೆಲ್ಲ ಕರೆದುಕೊಂಡು ಬಂದಳು. ಈಗ ಆಶ್ರಮದಲ್ಲಿರುವವರೂ ಒಬ್ಬರು ಜೊತೆಗಿರಲಿ ಅಂತ ನನ್ನ ಕೈ ಹಿಡಿದಳು. ಗೇಟಿನ ಬಳಿ ಮೇಟ್ರನ್ ಅಮ್ಮ ನಿಂತಿದ್ದರು. ನಮ್ಮನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿ, "ನಾನು ಯಾರನ್ನೂ ನೋಡಿಲ್ಲ. ಜಲ್ದಿ ಹೋಗ್ರಿ" ಅಂದರು.

ಜವಾನ ಒಳಗೆ ಬಿಡಲಿಲ್ಲ. ಬೇವಿನ ಮರದ ಕೆಳಗೆ ಕೂತೆವು. ನೆರಳು ಸರಿದಂತೆ ನಾವೂ ಸರಿದು ಕೂತೆವು. ಬಿಸಿಲು ಇಳಿಯುವ ಹೊತ್ತಿಗೆ ಶಾಸಕರು ಕಾರಿನ ಕಡೆ ಬಂದರು. ಅಕ್ಕ ಎದ್ದು ಹೋಗಿ ಎದುರಿಗೆ ನಿಂತಳು.

"ಯಾರಮ್ಮ ನೀವೆಲ್ಲ? ಏನಾಗ್ಬೇಕಿತ್ತು?"

"ಆಶ್ರಮದಾಗೆ ಬೆಳೆದೋರು ರೀ. ಒಂದು ಕಾನೂನು ಆಗ್ಬೇಕಿತ್ತು."

ಅವರು ನಕ್ಕರು. "ಕಾನೂನು ಅಂದ್ರೆ ಮಂಡಕ್ಕಿ ಏನಮ್ಮ, ಪೊಟ್ಟಣ ಕಟ್ಟಿ ಕೊಡಾಕೆ?"

ಸುತ್ತಲಿದ್ದವರೂ ನಕ್ಕರು. ಅಕ್ಕ ನಗು ನಿಲ್ಲುವವರೆಗೆ ಕಾದಳು. ಆಮೇಲೆ ದನಿ ಏರಿಸದೆ ಕೇಳಿದಳು: "ನಿಮ್ಮ ಮನ್ಯಾಗೆ ಮಗಳಿಗೆ ಹದಿನಾರು ತುಂಬಿದ ದಿನ ಬಾಗ್ಲು ಹಾಕ್ಕಂತೀರೇನ್ರಿ? ನಮ್ಗೆ ಸರ್ಕಾರಾನೇ ಅಪ್ಪ, ಸರ್ಕಾರಾನೇ ಅವ್ವ ಅಂತ ಭಾಷಣ ಮಾಡ್ತೀರಿ. ಹಂಗಾದ್ರೆ ನಮ್ಮ ಅಪ್ಪ ಅವ್ವ ಹಿಂಗ್ಯಾಕ್ರಿ?"

ಶಾಸಕರು ಕಾರಿನ ಬಾಗಿಲ ಮೇಲಿಟ್ಟ ಕೈ ತೆಗೆದರು. ಒಬ್ಬೊಬ್ಬರನ್ನೂ ಮಾತಾಡಿಸಿದರು. ಕೂಸು ಎತ್ತಿಕೊಂಡವಳು ಸೆರಗು ಬಾಯಿಗೆ ಒತ್ತಿಕೊಂಡೇ ತನ್ನ ಕಷ್ಟ ಹೇಳಿದಳು. ಕೊನೆಗೆ ಅವರು ನನ್ನ ಕಡೆ ಬಗ್ಗಿ, "ನಿನಗೇನು ಬೇಕವ್ವ?" ಅಂದರು. ನನಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. "ನನ್ನ ಮದುವಿ ಮಾಡಾಕೆ ಮುಂಚೆ ನನ್ನ ಕೇಳ್ಬೇಕ್ರಿ" ಅಂದೆ. ಈ ಸಲ ಯಾರೂ ನಗಲಿಲ್ಲ.

ಅದರಿಂದ ತಕ್ಷಣ ಏನೂ ಆಗಲಿಲ್ಲ. ಶಾಸಕರು ಮರೆತರು. ಅಕ್ಕ ನೆನಪಿಸಿದಳು. ದಾವಣಗೆರೆಯಲ್ಲಿ ಎಲ್ಲಿ ಸಭೆಯಾದರೂ ಎದುರಿನ ಸಾಲಿನಲ್ಲಿ ಹೋಗಿ ಕೂರುತ್ತಿದ್ದಳು. ಅವರಿಗೆ ಅವಳನ್ನು ಕಂಡರೆ ಮೊದಲು ಮುಜುಗರ, ಆಮೇಲೆ ಸಲುಗೆ. "ಬಂದ್ಯಾ ತಾಯಿ" ಅನ್ನುತ್ತಿದ್ದರಂತೆ. ಗಿರಣಿಯ ಮೇಸ್ತ್ರಿ, ಇನ್ನೊಂದು ಸಲ ಪಾಳಿ ತಪ್ಪಿಸಿದರೆ ಹೆಸರು ತೆಗೆಯುತ್ತೇನೆ ಎಂದು ಗದರಿದ. ಅವಳು ಮತ್ತೆ ತಪ್ಪಿಸಿ ಶಾಸಕರನ್ನು ಕಾಣಲು ಬೆಂಗಳೂರಿಗೇ ಹೋದಳು, ಜೊತೆಗೆ ಶಾಮನೂರಿನವಳನ್ನೂ ಕರೆದುಕೊಂಡು. ಕೆಲಸ ಹೋಯಿತು. ಬೇರೆ ಗಿರಣಿ ಹುಡುಕಿಕೊಂಡಳು. ನಾವು ಅಯ್ಯೋ ಅಂದರೆ, "ಗಿರಣಿ ಊರು ತುಂಬ ಅದಾವೆ, ಬಿಡ್ರೇ" ಅಂದಳು.

ಕೊನೆಗೆ ವಿಧಾನಸಭೆಯಲ್ಲಿ ಶಾಸಕರು ಆ ಮಾತು ಎತ್ತಿದರು. ಅಧಿಕಾರಿಯೊಬ್ಬರು ಆಶ್ರಮಕ್ಕೆ ಬಂದು ಹುಡುಗಿಯರನ್ನು ಬೇರೆ ಬೇರೆಯಾಗಿ ಕೂರಿಸಿ ವಿಚಾರಿಸಿದರು. ಮತ್ತೂ ಬಹಳ ಕಾಲವಾದ ಮೇಲೆ ಆದೇಶ ಬಂತು. ಓದುತ್ತಿರುವವರು ಓದು ಮುಗಿಯುವವರೆಗೆ ಆಶ್ರಮದಲ್ಲಿರಬಹುದು. ಅಧಿಕಾರಿಯ ಮುಂದೆ ಹುಡುಗಿ ತಾನೇ ಒಪ್ಪಿಗೆ ಹೇಳದೆ ಮದುವೆ ಮಾಡುವಂತಿಲ್ಲ. ಭಾನುವಾರ ಅಂಗಳದಲ್ಲಿ ಮೇಟ್ರನ್ ಅಮ್ಮ ಅದನ್ನು ಗಟ್ಟಿಯಾಗಿ ಓದಿದರು. ನಾವು ಕುಣಿದೆವು. ಅಕ್ಕ ಮಾತ್ರ ಗೋಡೆಗೆ ಒರಗಿ ನಿಂತಿದ್ದಳು.

"ಹೊರಗೆ ಬಿದ್ದೋರಿಗೆ ಇದ್ರಾಗೆ ಏನೈತ್ರಿ?"

"ಏನೂ ಇಲ್ಲಮ್ಮ."

"ಹಂಗಾದ್ರೆ ಇನ್ನೂ ಮುಗಿದಿಲ್ಲ" ಅಂದಳು. ಆಮೇಲೆ ನಮ್ಮ ಜೊತೆ ಕೂತು ಊಟ ಮಾಡಿದಳು.

ಆ ಆದೇಶದ ದೆಸೆಯಿಂದ ನಾನು ಎಸ್ಸೆಸ್ಸೆಲ್ಸಿ ಮುಗಿಸಿದೆ, ಶಿಕ್ಷಕಿಯ ತರಬೇತಿ ಪಡೆದೆ, ಮೆಚ್ಚಿದವನನ್ನು ಮದುವೆಯಾದೆ. ಅಕ್ಕ ಆ ಪರೀಕ್ಷೆ ಬರೆಯಲೇ ಇಲ್ಲ. ಆಶ್ರಮ ಬಿಟ್ಟು ದಿಕ್ಕು ತೋಚದವರೆಲ್ಲ ಆನೆಕೊಂಡದ ಆ ಒಂದು ಕೋಣೆಗೇ ಬರುತ್ತಿದ್ದರು. ಅವರಿಗೂ ಕಾನೂನಿನಲ್ಲಿ ಜಾಗ ಬೇಕೆಂದು ಆಮೇಲೂ ವರ್ಷಗಟ್ಟಲೆ ಅಲೆದಳು. ಗಿರಣಿಯ ಧೂಳು ಎದೆಯಲ್ಲಿ ಕೂತು, ಕೆಮ್ಮು ಬಿಡದೆ, ನಲವತ್ತು ದಾಟುವ ಮೊದಲೇ ಹೋದಳು. ನಾನು ಆಗ ದೂರದ ಊರಿನ ಶಾಲೆಯಲ್ಲಿದ್ದೆ. ಸುದ್ದಿ ತಲುಪಿ ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು... ಅವಳದೊಂದು ಫೋಟೋ ಕೂಡ ನಮ್ಮ ಯಾರ ಬಳಿಯೂ ಇಲ್ಲ.

ಈಗ ಹದಿನೆಂಟಕ್ಕೆ ಆಶ್ರಮದಿಂದ ಹೊರಬರುವವರಿಗೆ ನೆರವು ಕೊಡಬೇಕೆಂಬ ನಿಯಮ ಇದೆ. ಕೇಳಿದರೆ ಸಿಗುತ್ತದೆ, ಕೇಳದಿದ್ದರೆ ಇಲ್ಲ. ಹೋದ ವಾರ ಹದಿನೆಂಟು ತುಂಬಿದ ಹುಡುಗಿಯೊಬ್ಬಳು ಯಾರೋ ಹೇಳಿದರೆಂದು ನನ್ನ ಮನೆಗೆ ಬಂದಳು. ಸದ್ಯಕ್ಕೆ ನಮ್ಮಲ್ಲೇ ಇದ್ದಾಳೆ. ಆ ನೆರವು ಕೇಳಲು ಸೋಮವಾರ ಇಬ್ಬರೂ ಜಿಲ್ಲಾ ಕಚೇರಿಗೆ ಹೋಗುತ್ತಿದ್ದೇವೆ. ಮಾತಾಡುವವಳು ಅವಳೇ, ನಾನು ಪಕ್ಕದಲ್ಲಿ ಕೂರುತ್ತೇನೆ. ಮಂಡಿ ನೋವಿದೆ, ಮೆಟ್ಟಿಲು ಬಹಳವಂತೆ. ಹತ್ತುತ್ತೇನೆ.