ಯಂತ್ರದ ನೆತ್ತಿಯ ಹಸಿರು ಪೊಟ್ಟಣ

ತೈನಾನ್ ನಗರದ ಒಂದು ಪ್ರಯೋಗಾಲಯದಲ್ಲಿ ಇಲಿಗಳ ಪಂಜರ ತೊಳೆದು, ಹೊಟ್ಟು ಹಾಸಿ, ಕಾಳು ನೀರು ನೋಡಿಕೊಳ್ಳುವವಳು ಯೂಶ್ಯಾ. ಇಲಿಯೊಂದು ಪ್ರಯೋಗಕ್ಕೆ ಹೋಗುವ ದಿನ ಅದರ ಬೆನ್ನು ಸವರಿ, "ಮುಂದಿನ ಜನ್ಮದಲ್ಲಿ ಇಲಿ ಆಗ್ಬೇಡ್ವೋ, ಕಂದಾ" ಎನ್ನುತ್ತಾಳೆ. ನಗುವವರು ನಗಲಿ ಬಿಡಿ.

ಈ ಇಲಿಗಳೊಂದಿಗೆ ಅವಳಿಗೆ ಕರುಳಿನ ನಂಟು. ಎಳವೆಯಲ್ಲೇ ಯಕೃತ್ತಿಗೆ ಹೆಪಟೈಟಿಸ್ ವೈರಸ್ ಸೇರಿಸಿ ಬೆಳೆಸಿದ ಮರಿಗಳಿವು. ಅವಳ ಮಗ ಕ್ವಾನ್‌ಟಿಂಗ್‌ಗೂ ಅದೇ ವೈರಸ್, ಹೆರಿಗೆಯಲ್ಲಿ ಅವಳಿಂದಲೇ ದಾಟಿದ್ದು. ಅದನ್ನು ಮಗನಿಗೆ ಹೇಳಲು ನಾಲಿಗೆ ಏಳದೆ, ಇಷ್ಟು ವರ್ಷ ಒಳಗೊಳಗೇ ಬೇಯುತ್ತಿದ್ದಳು.

ಆ ದಿನ ಜೀವಕೋಶ ಎಣಿಸುವ ಯಂತ್ರ ಕೈಕೊಟ್ಟಿತು. ಇಲಿಗಳ ಯಕೃತ್ತಿನಿಂದ ತೆಗೆದ ಕೋಶಗಳು ಹೆಚ್ಚು ಹೊತ್ತು ಬದುಕುವುದಿಲ್ಲ. ಯೂಶ್ಯಾಳನ್ನು ಚಿಕ್ಕಮ್ಮ ಎಂದೇ ಕರೆಯುವ ಸಂಶೋಧಕಿ ಪೈಚೆನ್‌ಗೆ ಅಳುವೇ ಬಂತು. ಯಂತ್ರ ಕೆಡದಿರಲೆಂದು ಅದರ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ ಇಡುವುದು ಅಲ್ಲಿನವರ ವಾಡಿಕೆ. ಯೂಶ್ಯಾ ಯಂತ್ರದ ನೆತ್ತಿ ನೋಡಿದಳು. ಅಲ್ಲಿ ಹಳದಿ ಪೊಟ್ಟಣ!

"ಅಯ್ಯೋ ನಿನ್ನ! ಯಂತ್ರ ಮಾತು ಕೇಳ್ಬೇಕಂದ್ರೆ ಹಸಿರು ಪೊಟ್ಟಣದ ಕುರುಕಲಲ್ವೇನೇ ಇಡೋದು? ಹಳದಿ ಇಟ್ರೆ ಮುನಿಸ್ಕೊಳ್ಳಲ್ವಾ?"

"ಅಂಗಡೀಲಿ ಹಸಿರು ಖಾಲಿ ಆಗಿತ್ತು, ಚಿಕ್ಕಮ್ಮ. ಯಾವ್ದಾದ್ರೇನು ಅಂತ..."

"ಯಾವ್ದಾದ್ರೇನಂತೆ! ಡಾಕ್ಟರೇಟ್ ಮಾಡೋಳು ಆಡೋ ಮಾತಾ ಇದು?"

ಯೂಶ್ಯಾಳ ಮನೆಯಲ್ಲೊಂದು ಹಸಿರು ಪೊಟ್ಟಣವಿತ್ತು, ಮಗನ ಮಾತ್ರೆ ಡಬ್ಬಿಯ ಪಕ್ಕದಲ್ಲಿ. ಅವನ ಯಕೃತ್ತೂ ತಂಟೆಯಿಲ್ಲದೆ ನಡೆಯಲಿ ಎಂದು ಇಟ್ಟದ್ದು. ಸ್ಕೂಟರ್ ಏರಿ ಮನೆಗೆ ಹೋದಳು. ಅದನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟು, ಕೊನೆಗೆ ತಂದಳು.

ಅಷ್ಟರಲ್ಲಿ ಪೈಚೆನ್ ಯಂತ್ರದ ಕೊಳವೆ ಕಳಚಿ ತೊಳೆದಿದ್ದಳು. ಹಸಿರು ಪೊಟ್ಟಣ ಏರಿತು, ಯಂತ್ರ ಓಡಿತು. ಪುಣ್ಯ ಯಾರದೆಂದು ಇಬ್ಬರೂ ವಾದಕ್ಕಿಳಿಯಲಿಲ್ಲ. ಪರದೆಯ ತುಂಬ ಚುಕ್ಕಿಗಳೆದ್ದವು.

"ಇವು ಕಾವಲು ಕೋಶಗಳು, ಚಿಕ್ಕಮ್ಮ. ಎಳೇದ್ರಿಂದ ಜೊತೇಲೇ ಇದ್ದಿದ್ದಕ್ಕೆ ವೈರಸ್ಸನ್ನ ನಮ್ಮೋನೇ ಅಂದ್ಕೊಂಡು ಸುಮ್ನೆ ಮಲಗಿದ್ವು. ಹೊಸ ಔಷಧಿ ಕೊಟ್ಮೇಲೆ ಎದ್ದಿವೆ ನೋಡಿ! ಇಲಿಗಳಲ್ಲಿ ಅಷ್ಟೇ. ಮನುಷ್ಯರ ಪಾಲಿಗೆ ಇನ್ನೂ ದೂರ ಇದೆ."

"ಕಾವಲು ಕೋಶಕ್ಕೇ ಗೊತ್ತಾಗಿಲ್ಲ ಅಂದ್ರೆ... ಮಗೂಗೆ ದಾಟಿಸಿದ ತಾಯಿದೇನೂ ತಪ್ಪಿಲ್ವಾ?"

"ತಾಯಿಗೇನು ಗೊತ್ತಿರುತ್ತೆ, ಪಾಪ?"

ಸಂಜೆ ಮೀನಿನ ಗಂಜಿಗೆ ಕೂತ ಮಗ ಕೇಳಿದ: "ಅಮ್ಮಾ, ನನ್ನ ಪೊಟ್ಟಣ ಎಲ್ಲಿ?"

"ಡ್ಯೂಟಿಗೆ ಹೋಗಿದೆ" ಎಂದವಳು ಸೌಟು ಕೆಳಗಿಟ್ಟಳು. "ಟಿಂಗ್, ನಿಂಗೆ ಆ ಕಾಯಿಲೆ ಬಂದಿದ್ದು ನನ್ನಿಂದ ಕಣೋ."

ಅವನು ಬಟ್ಟಲು ಮುಂದೆ ಸರಿಸಿದ. "ಗೊತ್ತಮ್ಮ, ಯಾವತ್ತೋ ಗೊತ್ತು. ಈ ಮೊರದಗಲ ಕಿವೀನೂ ನಿನ್ನಿಂದ್ಲೇ ಬಂದಿದ್ದು. ಅದಕ್ಕೂ ಅಳ್ತೀಯಾ? ಬಡಿಸು, ಹಸಿವು."

ಅವಳು ಅಳುತ್ತಲೇ ಬಡಿಸಿದಳು, ಬಟ್ಟಲು ತುಳುಕುವಷ್ಟು.