ಸೀಲಕ್ಕ ಮತ್ತು ಅಳಿಸಲಾಗದ ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಂಟೇನರ್ ಯಾರ್ಡಿನಲ್ಲಿ ಲಾರಿಗಳು ಒಂದರ ಹಿಂದೊಂದು ನಿಂತು ಹೊಗೆ ಬಿಡುತ್ತಿವೆ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಹೆಂಗಸೊಬ್ಬರು ಮೊದಲ ಲಾರಿಯ ಹಿಂದೆ ನಿಂತು ಬಲಗೈಯ ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಾರೆ. ಕಂಟೇನರ್ ಬಾಗಿಲ ಚಿಲಕದ ತೂತಿಗೆ ಬೆರಳುದ್ದದ ಉಕ್ಕಿನ ಮೊಳೆ ತೂರಿಸಿ, ಕೆಳಗಿನಿಂದ ಅದಕ್ಕೊಂದು ಟೋಪಿ ಒತ್ತುತ್ತಾರೆ. ‘ಟಕ್’ ಅನ್ನುತ್ತದೆ. ಇನ್ನು ಕಟ್ಟರ್‌ನಿಂದ ಕತ್ತರಿಸದೆ ಆ ಬಾಗಿಲು ತೆರೆಯುವುದಿಲ್ಲ. ಎರಡು ಸಲ ಜಗ್ಗಿ ನೋಡಿ, ಮೊಳೆಯ ಮೇಲಿನ ನಂಬರನ್ನು ಗಟ್ಟಿಯಾಗಿ ಓದಿ, ಅಂಗೈಯಗಲದ ಯಂತ್ರದ ಮೇಲೆ ಒತ್ತುತ್ತಾರೆ.

“ಗ್ಲೌಸ್ ಹಾಕ್ಕೊಂಡು ಒತ್ತಿದ್ರೆ ಈ ಮಹಾರಾಯ ಕೇಳೋದೇ ಇಲ್ಲ ನೋಡಿ” ಎಂದು ಯಂತ್ರವನ್ನು ಬೈಯುತ್ತಾ ಕೆಂಪಾದ ಬೆರಳುಗಳಿಗೆ ಬಾಯಿಯಿಂದ ಬಿಸಿ ಊದಿಕೊಳ್ಳುತ್ತಾರೆ. ಆಮೇಲೆ ಎರಡನೇ ಲಾರಿ. ಮೂರನೆಯದು.

ಆ ಮೊಳೆಗೆ ಸೀಲು ಎಂದು ಹೆಸರು, ಹಾಗಾಗಿ ಯಾರ್ಡಿನಲ್ಲಿ ಇವರನ್ನು ಎಲ್ಲರೂ ಕರೆಯುವುದು ಸೀಲಕ್ಕ ಎಂದೇ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರಿನಿಂದ ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ದಿನಕ್ಕೆ ನಲವತ್ತು, ಐವತ್ತು ಕಂಟೇನರ್‌ಗಳ ಬಾಗಿಲು ಇವರ ಕೈಯಲ್ಲಿ ಭದ್ರವಾಗುತ್ತದೆ. ಗಂಡ ಬಟ್ಟೆ ಹೊಲಿಯುತ್ತಾರೆ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಇವರ ಬಗ್ಗೆ ಬರೆಯಲು ಮನೆಗೆ ಹೋದ ನನ್ನನ್ನು ಅತ್ತೆ ಹತ್ತಿರ ಕೂರಿಸಿಕೊಂಡು, ಸೊಸೆಗೆ ಕೇಳಿಸುವಷ್ಟು ಜೋರಾಗಿಯೇ ಪಿಸುಗುಟ್ಟಿದರು: “ಪ್ರಪಂಚದ ಪೆಟ್ಟಿಗೆಗೆಲ್ಲ ಬೀಗ ಜಡೀತಾಳೆ ಕಣಪ್ಪಾ. ನಮ್ಮನೆ ಬಾಗಿಲು ಹಾಕ್ಕೊಂಡು ಹೋಗು ಅಂದ್ರೆ ಮರ್ತೋಗತ್ತೆ.”

ಸೀಲಿನ ಕೆಲಸದಲ್ಲಿ ಏನಿದೆ ಬರೆಯುವಂಥದ್ದು ಎಂದು ನಾನೂ ಅಂದುಕೊಂಡಿದ್ದೆ. ಇದ್ದದ್ದು ನಂಬರಿನಲ್ಲಿ. ಪ್ರತಿ ಸೀಲಿಗೂ ಒಂದು ನಂಬರು. ಇಲ್ಲಿ ಹಾಕಿದ ನಂಬರೇ ಅಲ್ಲಿ ಇಳಿಸುವಾಗಲೂ ಇದ್ದರೆ ಬಾಗಿಲನ್ನು ದಾರಿಯಲ್ಲಿ ಯಾರೂ ಮುಟ್ಟಿಲ್ಲ ಎಂದು ಅರ್ಥ. ಬೇರೆ ಇದ್ದರೆ ಯಾರೋ ಕತ್ತರಿಸಿ ಹೊಸದು ಹಾಕಿದ್ದಾರೆ ಎಂದು ಅರ್ಥ. ಆ ‘ಯಾರೋ’ ಅನ್ನುವವರು ಸಾಮಾನ್ಯವಾಗಿ ಲಾರಿ ಡ್ರೈವರೇ ಆಗಿಬಿಡುತ್ತಾರೆ, ಬೇರೆ ಯಾರ ತಲೆಯೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲವಲ್ಲ.

ಮೊದಲೆಲ್ಲ ಈ ನಂಬರುಗಳು ಕಾಗದದ ಮೇಲಿದ್ದವು. ಯಾರ್ಡಿನವರ ಕಾಗದ ಒಂದು ಹೇಳಿದರೆ ಲಾರಿ ಕಂಪನಿಯದು ಇನ್ನೊಂದು, ಹಡಗಿನವರದು ಮತ್ತೊಂದು, ಗೋದಾಮಿನವರದು ಮಗದೊಂದು. ಜಗಳ ಬಿಡಿಸಲು ದೊಡ್ಡ ತಂತ್ರಜ್ಞಾನ ಕಂಪನಿಯೊಂದು ಬಂತು. ಅದು ತಂದದ್ದು ಬ್ಲಾಕ್‌ಚೈನ್. ಹಾಗೆಂದ ಕೂಡಲೇ ದಿಢೀರ್ ಶ್ರೀಮಂತರಾಗುವ ನಾಣ್ಯದ ವ್ಯಾಪಾರ ನೆನಪಾದರೆ ತಪ್ಪು ನಿಮ್ಮದಲ್ಲ, ನನಗೂ ಅದೇ ನೆನಪಾಯಿತು. ಇಲ್ಲಿ ನಾಣ್ಯವೂ ಇಲ್ಲ, ಕಂಡಕಂಡವರಿಗೆ ಪ್ರವೇಶವೂ ಇಲ್ಲ. ಒಪ್ಪಂದ ಮಾಡಿಕೊಂಡ ನಾಲ್ಕು ಸಂಸ್ಥೆಗಳಷ್ಟೇ ಒಳಗಿರುತ್ತವೆ. ಒಬ್ಬರು ಬರೆದದ್ದು ನಾಲ್ವರ ಬಳಿಯೂ ಒಂದೇ ರೀತಿ ಕೂರುತ್ತದೆ. ಒಮ್ಮೆ ಕೂತರೆ ಅದನ್ನು ಯಾರೂ ಅಳಿಸುವಂತಿಲ್ಲ. ತಿದ್ದುಪಡಿ ಬೇಕಿದ್ದರೆ ಕೆಳಗೆ ಹೊಸ ಸಾಲು ಬರೆಯಬಹುದು, ಹಳೆಯ ಸಾಲು ಮಾತ್ರ ಇದ್ದಲ್ಲೇ ಇರುತ್ತದೆ.

“ನಾಲ್ಕು ಜನ ವ್ಯವಹಾರ ಮಾಡ್ಲೇಬೇಕು, ಆದ್ರೆ ಒಬ್ಬರನ್ನೊಬ್ರು ನಂಬಲ್ಲ. ಅಂಥ ಜಾಗ ಹುಡುಕೋದೇ ನಮ್ಮ ಕೆಲಸ” ಎನ್ನುತ್ತಾರೆ ಕಂಪನಿಯ ಎಂಜಿನಿಯರ್. ಮೂವತ್ತರ ಆಸುಪಾಸಿನ, ನೇರ ಮಾತಿನ ಹೆಣ್ಣುಮಗಳು. ಶುರುವಿನಲ್ಲಿ ಯಾರ್ಡಿನ ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕೂತು ಎಲ್ಲರಿಗೂ ಕಲಿಸಿದವರು ಇವರೇ. “ಬರೆದದ್ದನ್ನ ನಾವು ಕಾಯ್ತೀವಿ ಸರ್, ಅದ್ರಲ್ಲಿ ಅನುಮಾನ ಬೇಡ. ಆದ್ರೆ ಬರೆಯೋವಾಗ ಸರಿಯಾಗಿ ಬರೆದ್ರಾ ಅನ್ನೋದು ಬ್ಲಾಕ್‌ಚೈನ್‌ಗೆ ಹೇಗೆ ಗೊತ್ತಾಗ್ಬೇಕು?”

ಎಡವಟ್ಟಾದದ್ದು ಅಲ್ಲೇ. ಯಾರ್ಡಿನವರಿಗೆ ಒಂದು ಹಳೆಯ ಅಭ್ಯಾಸವಿತ್ತು. ಸೀಲುಗಳು ನಂಬರಿನ ಸಾಲಿನಲ್ಲೇ ಗೊಂಚಲಾಗಿ ಬರುತ್ತವೆ, ಲಾರಿಗಳ ಸಾಲೂ ಮೊದಲೇ ಗೊತ್ತಿರುತ್ತದೆ. ಚಳಿಯಲ್ಲಿ ಬೆರಳು ಮರಗಟ್ಟಿಸಿಕೊಂಡು ಒಂದೊಂದಾಗಿ ಬರೆಯುವ ಬದಲು ಬೆಚ್ಚಗಿನ ಕ್ಯಾಬಿನ್ನಿನಲ್ಲಿ ಚಹಾ ಕುಡಿಯುತ್ತಾ ಎಲ್ಲ ನಂಬರನ್ನೂ ಮೊದಲೇ ಬರೆದುಬಿಡುವುದು, ಆಮೇಲೆ ಹೊರಗೆ ಹೋಗಿ ಅದೇ ಸಾಲಿನಲ್ಲಿ ಸೀಲು ಹಾಕುವುದು. ಏನಾದರೂ ಹೆಚ್ಚುಕಮ್ಮಿಯಾದರೆ ಕಾಗದದಲ್ಲಿ ಗೀಟು ಹಾಕಿ ಸಹಿ ಮಾಡಿದರಾಯಿತು. ಕಾಗದ ಹೋಗಿ ಯಂತ್ರ ಬಂದರೂ ಅಭ್ಯಾಸ ಹೋಗಲಿಲ್ಲ.

ಕಳೆದ ಚಳಿಗಾಲದ ಒಂದು ಬೆಳಗ್ಗೆ, ಸಾಲಿನ ಕಡೆಯ ಕಂಟೇನರ್‌ಗೆ ಹಾಕಬೇಕಿದ್ದ ಸೀಲು ಸೀಲಕ್ಕನ ಕೈಯಿಂದ ಜಾರಿ, ಜಾಲರಿಯ ಸಂದಿನಿಂದ ಚರಂಡಿಗೆ ಬಿತ್ತು. ಅವರು ಜೇಬಿನಿಂದ ಇನ್ನೊಂದು ಸೀಲು ತೆಗೆದು ‘ಟಕ್’ ಅನ್ನಿಸಿ ಲಾರಿ ಕಳಿಸಿದರು. “ಬರೆಯೋ ಕೆಲಸ ಆಗಲೇ ಮುಗಿದಿತ್ತಲ್ಲ, ಹಂಗಾಗಿ ತಲೆಗೇ ಹೊಳೀಲಿಲ್ಲ ನೋಡಿ.”

ಆ ಲಾರಿಯ ಡ್ರೈವರ್‌ಗೆ ಯಾರ್ಡಿನಲ್ಲಿ ಮೀಸೆ ಮಾವ ಎಂದು ಹೆಸರು. ಸೀಲಕ್ಕನಿಗೆ ಅವರು ನೆಂಟರೇನಲ್ಲ, ಬರೀ ಬೆಳಗಿನ ನಮಸ್ಕಾರದ ಪರಿಚಯ. ಲಾರಿಯಲ್ಲಿದ್ದದ್ದು ಹಸುಗೂಸುಗಳ ಹಾಲಿನ ಪುಡಿ. ದೂರದ ಗೋದಾಮಿನ ಗೇಟಿನಲ್ಲಿ ಸೀಲು ಓದಿದಾಗ ನಂಬರು ಹೊಂದದೆ ಪರದೆ ಕೆಂಪಾಯಿತು. ನಾಲ್ಕೂ ಸಂಸ್ಥೆಗಳ ಪರದೆ ಒಟ್ಟಿಗೇ ಕೆಂಪಾಯಿತು. ಪೆಟ್ಟಿಗೆ ಎಣಿಸಿದರೆ ಲೆಕ್ಕ ಸರಿ ಇತ್ತು. ಆದರೆ ಒಳಗಿನ ಪುಡಿ ಬದಲಾಗಿಲ್ಲ ಅನ್ನುವುದಕ್ಕೆ ಏನು ಖಾತ್ರಿ? ಕೂಸುಗಳ ಬಾಯಿಗೆ ಹೋಗುವ ವಸ್ತುವಿನಲ್ಲಿ ಕಲಬೆರಕೆ ಮಾಡಿದ ಎಂಬ ಗೂಬೆ ಮೀಸೆ ಮಾವನ ತಲೆಯ ಮೇಲೆ ಕೂತಿತು. ಲಾರಿಯ ಕೀಲಿ ಕೈ ಕಸಿದುಕೊಂಡರು. “ನಾನು ಮುಟ್ಟಿಲ್ಲ ಸ್ವಾಮಿ” ಎಂದರೆ ಅವರಿಗೆ ಸಿಕ್ಕ ಉತ್ತರ ಒಂದೇ: ಬ್ಲಾಕ್‌ಚೈನ್ ಸುಳ್ಳು ಹೇಳತ್ತೇನ್ರೀ?

ಕ್ಯಾಂಟೀನಿನಲ್ಲಿ ಈ ಸುದ್ದಿ ಕಿವಿಗೆ ಬಿದ್ದಾಗಲೇ ಸೀಲಕ್ಕನಿಗೆ ಚರಂಡಿಗೆ ಬಿದ್ದ ಸೀಲು ನೆನಪಾದದ್ದು. ಅವರು ಗುತ್ತಿಗೆಯ ಕೆಲಸದವರು. ಕಾಯಂ ಮಾಡುವ ಮಾತು ಆಗಷ್ಟೇ ನಡೆಯುತ್ತಿತ್ತು. ಮನೆಯಲ್ಲಿ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ, “ಊರಿಗೆಲ್ಲ ಸೀಲು ಹಾಕ್ತೀಯಲ್ಲ, ಇದೊಂದ್ಸಲ ನಿನ್ನ ಬಾಯಿಗೂ ಒಂದು ಹಾಕ್ಕೊಂಡು ಸುಮ್ನಿರು” ಎಂದರಂತೆ. ಇದನ್ನು ಹೇಳುವಾಗ ಸೀಲಕ್ಕ ನಗುತ್ತಾರೆ, ಪಕ್ಕದಲ್ಲಿ ಕೂತ ಗಂಡ ನಗುವುದಿಲ್ಲ. “ಹೆದರಿಕೆ ಆಗಿತ್ತು ಸರ್. ಮಗಳ ಓದು ಇನ್ನೂ ಅರ್ಧ ಇದೆ. ಅವತ್ತು ನಾನು ಹೇಳಿದ್ದು ತಪ್ಪು ಅಂತ ಈಗ್ಲೂ ಪೂರ್ತಿ ಅನ್ನಿಸಲ್ಲ” ಎನ್ನುತ್ತಾರೆ ಗಂಡ. ಅವರ ಪ್ರಾಮಾಣಿಕತೆಯೂ ನನಗೆ ಇಷ್ಟವಾಯಿತು.

“ಸುಮ್ನಿರೋಕೆ ಆಗ್ಲಿಲ್ಲ” ಎನ್ನುತ್ತಾರೆ ಸೀಲಕ್ಕ. “ಮೀಸೆ ಮಾವನ ಮನೇಲೂ ಮೊಮ್ಮಗು ಇದೆ. ಮಕ್ಕಳ ಹಾಲಲ್ಲಿ ಕೈಯಾಡಿಸಿದೋನು ಅಂತ ಒಂದ್ಸಲ ಹೆಸರು ಬಂದ್ರೆ, ಅದು ಸತ್ತ ಮೇಲೂ ಬಿಡತ್ತಾ?”

ಮರುದಿನ ಅವರು ಎಂಜಿನಿಯರ್‌ಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದರು. “ಸೀಲು ಸಿಕ್ರೆ ಎಲ್ರೂ ನಂಬ್ತಾರೆ ಅಕ್ಕ, ಬರೀ ಮಾತು ಕಷ್ಟ” ಎಂದವರೇ ಎಂಜಿನಿಯರ್ ತಾವೂ ಓಡಿ ಬಂದರು. ಯಾರ್ಡಿನ ಮ್ಯಾನೇಜರ್ ಎದುರಿನಲ್ಲೇ ಇಬ್ಬರೂ ಸೇರಿ ಕಬ್ಬಿಣದ ಸಲಾಕೆಯಿಂದ ಜಾಲರಿ ಎಬ್ಬಿಸಿದರು. ಸೀಲಕ್ಕ ಬೋರಲು ಮಲಗಿ ಭುಜದ ತನಕ ಕೊಚ್ಚೆಗೆ ಕೈ ಇಳಿಸಿದರು. ಬಾಟಲಿ ಮುಚ್ಚಳ ಬಂತು, ಹರಿದ ಗ್ಲೌಸು ಬಂತು. ಕಡೆಗೆ ಸೀಲು ಬಂತು. ಎಂಜಿನಿಯರ್ ತಮ್ಮ ದುಪಟ್ಟಾದಿಂದಲೇ ಅದನ್ನು ಒರೆಸಿ ಓದಿದರು. ಯಂತ್ರದಲ್ಲಿ ಬರೆದಿದ್ದ ನಂಬರೇ ಅದು, ಟೋಪಿ ಒತ್ತಿದ ಗುರುತೂ ಇಲ್ಲ; ಲಾರಿಯ ಮೇಲಿದ್ದ ನಂಬರೋ ಸೀಲಕ್ಕನ ಜೇಬಿನಲ್ಲಿದ್ದ ಗೊಂಚಲಿನದೇ. ಅಂದರೆ ಲಾರಿಯ ಮೇಲಿದ್ದದ್ದು ಸೀಲಕ್ಕನೇ ಹಾಕಿದ ಸೀಲು, ಅದನ್ನು ದಾರಿಯಲ್ಲಿ ಯಾರೂ ಬದಲಿಸಿರಲಿಲ್ಲ.

ಅಂದೇ ಹೊಸ ಸಾಲು ಬರೆಯಲಾಯಿತು: ನಂಬರು ತಪ್ಪಾಗಿ ಬರೆದದ್ದು ಸೀಲು ಹಾಕಿದವರು, ಡ್ರೈವರ್ ಬಾಗಿಲು ಮುಟ್ಟಿಲ್ಲ. ಕೆಳಗೆ ಸೀಲಕ್ಕನ ನಿಜವಾದ ಹೆಸರು. ಮೀಸೆ ಮಾವನಿಗೆ ಕೀಲಿ ಕೈ ವಾಪಸ್ ಬಂತು. ಸೀಲಕ್ಕನಿಗೆ ಕೆಲವು ದಿನ ಕೆಲಸ ಇರಲಿಲ್ಲ. ಆಮೇಲೆ ಕರೆದರು, ಕಾಯಂ ಮಾಡುವ ಮಾತನ್ನು ಮಾತ್ರ ಮತ್ತೆ ಯಾರೂ ಎತ್ತಲಿಲ್ಲ. ಮುಂಚಿತವಾಗಿ ಬರೆಯುವ ಅಭ್ಯಾಸಕ್ಕೆ ನಿಷೇಧ ಬಿತ್ತು. ಚಳಿಯಲ್ಲಿ ಗ್ಲೌಸ್ ಬಿಚ್ಚಬೇಕಾಗಿ ಬಂದ ಜೊತೆಗಾರರು ಬಹಳ ದಿನ ಇವರೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ನಾನು ಯಾರ್ಡಿಗೆ ಹೋದ ದಿನ ಎಂಜಿನಿಯರ್ ಕೂಡ ಬಂದಿದ್ದಾರೆ, ಸ್ವಲ್ಪ ಇರಿಸುಮುರಿಸಿನಿಂದ. ಈ ಯಾರ್ಡನ್ನು ಮಾದರಿಯಾಗಿ ತೋರಿಸಲು ಅವರ ಕಂಪನಿ ಹೊರಟಿದೆ, ಬೇರೆ ಸಂಸ್ಥೆಗಳ ದೊಡ್ಡವರು ಬಂದು ದೊಡ್ಡ ಪರದೆಯಲ್ಲಿ ಎಲ್ಲವನ್ನೂ ನೋಡಲಿದ್ದಾರೆ. ಸೀಲಕ್ಕನ ಸಾಲನ್ನು ಅಳಿಸಲಾಗದು, ಆದರೆ ಪರದೆಯ ಮೇಲೆ ಅದರ ಬದಲು ‘ತಾಂತ್ರಿಕ ಕಾರಣ’ ಎಂದು ಕಾಣುವಂತೆ ಮಾಡಬಹುದಂತೆ. ಸೀಲಕ್ಕ ಒಪ್ಪಿದರೆ ಸಾಕು.

“ನಿಮಗೂ ಒಳ್ಳೇದು ಅಕ್ಕ. ನಿಮ್ಮ ಹೆಸರು ಯಾರಿಗೂ ಕಾಣಲ್ಲ. ಕಾಯಂ ಕೆಲಸದ ಮಾತೂ ಮತ್ತೆ ಬರಬಹುದು.”

ಸೀಲಕ್ಕ ಗ್ಲೌಸನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೇಳುತ್ತಾರೆ, “ಅವತ್ತು ಪರದೆ ಕೆಂಪಾಗಿದ್ದು ಕಾಣತ್ತಾ?”

“ಅದು ಕಾಣತ್ತೆ. ಲಾರಿ ನಂಬರು, ಡ್ರೈವರ್ ಹೆಸರು ಎಲ್ಲ ಕಾಣತ್ತೆ.”

“ತಾಂತ್ರಿಕ ಕಾರಣ ಅಂದ್ರೆ ಯಾರು ಮೇಡಂ?”

“ಯಾರೂ ಅಲ್ಲ ಅಕ್ಕ.”

ಸೀಲಕ್ಕ ಎದುರಿನ ಲಾರಿಗೆ ಹಾಕಿದ ಸೀಲನ್ನು ಎರಡು ಸಲ ಜಗ್ಗಿ ನೋಡುತ್ತಾರೆ. ಕಾಯಂ ಕೆಲಸ ಅಂದರೆ ಅವರಿಗೆ ಏನೆಂದು ಅವರ ಮನೆ ನೋಡಿದ ನನಗೆ ಗೊತ್ತು. ಆಮೇಲೆ ತಲೆಯಾಡಿಸುತ್ತಾರೆ.

“ಬೇಡ ಮೇಡಂ. ಯಾರೂ ಅಲ್ಲ ಅಂದ್ರೆ ನೋಡಿದೋರು ಮತ್ತೆ ಅವರನ್ನೇ ಅನ್ಕೋತಾರೆ. ಮೀಸೆ ಮಾವ ಮಕ್ಕಳ ಹಾಲು ಮುಟ್ಟಿಲ್ಲ ಅನ್ನೋಕೆ ಅಲ್ಲಿರೋ ಸಾಕ್ಷಿ ನನ್ನ ತಪ್ಪು ಒಂದೇ. ಅದು ನನ್ನ ಹೆಸರಲ್ಲೇ ಇರ್ಲಿ, ಎಲ್ರಿಗೂ ಕಾಣೋ ಹಾಗೇ ಇರ್ಲಿ.”