ವಾಗ್ದಾನದ ಕಾರ್ಡಿನಲ್ಲಿ ಹಿಡಿಸದ ಮಾತು

ಕೋವಿಡ್ ವಾರ್ಡುಗಳನ್ನು ಮುಚ್ಚಿದ ಮರುವರ್ಷದ ಡಿಸೆಂಬರ್. ನಾನು ಡೆಟ್ರಾಯ್ಟ್ ಪಕ್ಕದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಚಾಪ್ಲೇನ್ ಆಗಿದ್ದೆ. ಚಾಪ್ಲೇನ್ ಎಂದರೆ ಸಾಯುವವರ ತಲೆಯ ಹತ್ತಿರ ನಿಂತು ಪ್ರಾರ್ಥನೆ ಹೇಳುವವರು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಕೆಲಸದ ಒಂದು ಚೂರು ಅಷ್ಟೇ. ಉಳಿದಿದ್ದೆಲ್ಲ ಕುರ್ಚಿ ಎಳೆದುಕೊಂಡು ಕೂತು ಕೇಳಿಸಿಕೊಳ್ಳುವುದು. ರೋಗಿ ಯಾವ ಧರ್ಮದವರಾದರೂ ಸರಿ, ಧರ್ಮವೇ ಬೇಡ ಎನ್ನುವವರಾದರೂ ಸರಿ. ಬೋಧನೆ ಮಾಡುವಂತಿಲ್ಲ, ಹೀಗೆ ಮಾಡು ಹಾಗೆ ಮಾಡು ಎನ್ನುವಂತಿಲ್ಲ. ಬಾಯಿ ಜೋರಿನ ನನಗೆ ಈ ನಿಯಮ ನಿವೃತ್ತಿಯಾಗುವ ದಿನದವರೆಗೂ ಕಷ್ಟವೇ ಆಗಿತ್ತು.

ನಾನು ಮೈಸೂರಿನ ಕ್ರೈಸ್ತ ಮನೆತನದವಳು. ಮಿಷಿಗನ್ನಿನ ಕನ್ನಡಿಗರಲ್ಲಿ ಬಹುಪಾಲು ಹಿಂದೂಗಳು, ನಮ್ಮವರು ಬೆರಳೆಣಿಕೆಯಷ್ಟು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ನರ್ಸ್ ಡೆನಿಸ್ ಬಂದು, ಮೂರನೇ ಮಹಡಿಯಲ್ಲಿ ಒಬ್ಬಳು ನಿಮ್ಮ ಸುರುಳಿ ಸುರುಳಿ ಅಕ್ಷರದ ಕಾರ್ಡೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾಳೆ, ಯಾರ ಜೊತೆಯೂ ಮಾತಾಡುತ್ತಿಲ್ಲ ಎಂದಾಗ ನಾನು ನಂಬಲಿಲ್ಲ.

ಅವಳ ಹೆಸರು ಶೀಬಾ. ಡೆಟ್ರಾಯ್ಟ್ ಹೊರವಲಯದ ಕ್ಯಾಂಟನ್‌ನ ಹೊಸ ಬಡಾವಣೆಯೊಂದರಲ್ಲಿ ಮನೆ. ಗಂಡ ಅನಿಲ್ ಕಾರು ಕಂಪನಿಯಲ್ಲಿ ಎಂಜಿನಿಯರ್. ಅವಳದು ಗಂಡನ ಕೆಲಸಕ್ಕೆ ಅಂಟಿಕೊಂಡ ಡಿಪೆಂಡೆಂಟ್ ವೀಸಾ. ಬೇಸ್‌ಮೆಂಟ್ ಮೆಟ್ಟಿಲಿಂದ ಜಾರಿಬಿದ್ದೆ ಎಂದು ಚಾರ್ಟಿನಲ್ಲಿ ಬರೆಸಿದ್ದಳು. ಮೆಟ್ಟಿಲಿಗೆಲ್ಲಿ ಬೆರಳಿರುತ್ತದೆ? ಅವಳ ಕುತ್ತಿಗೆಯ ಎರಡೂ ಬದಿಗೆ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. ಎಡಗಣ್ಣಿನ ಬಿಳಿಭಾಗವೆಲ್ಲ ರಕ್ತ. ರೆಪ್ಪೆಯ ಒಳಗೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು. ವೈದ್ಯರು ಅವನ್ನು ಪೆಟೀಕಿಯ ಎನ್ನುತ್ತಾರೆ. ಕತ್ತು ಹಿಸುಕಿದಾಗ ಸಣ್ಣ ರಕ್ತನಾಳಗಳು ಒಡೆದು ಮೂಡುವ ಚುಕ್ಕೆಗಳು. ಎರಡು ಪಕ್ಕೆಲುಬು ಮುರಿದಿದ್ದವು. ಕಿವಿಯ ಹಿಂದೆ ಅಂಗೈಯಗಲ ಕೂದಲೇ ಇರಲಿಲ್ಲ. ಗಂಟಲು ಇನ್ನೂ ಊದಿಕೊಂಡು ಉಸಿರು ಕಟ್ಟಬಹುದೆಂದು ನಿಗಾದಲ್ಲಿ ಇಟ್ಟಿದ್ದರು. ಡಾಕ್ಟರ್ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದರು: "ಕುತ್ತಿಗೆಗೆ ಕೈ ಹಾಕಿದವನು ಮುಂದಿನ ಸಲ ಮುಗಿಸಿಯೇ ಬಿಡಬಹುದು. ಇವಳು ಆ ಮನೆಗೆ ವಾಪಸ್ ಹೋಗಬಾರದು. ಆದರೆ ಇವಳೇ ಬಾಯಿ ಬಿಡದಿದ್ದರೆ ನಾನು ತಡೆಯುವುದು ಹೇಗೆ?"

ನಾನು ಕುರ್ಚಿ ಎಳೆದುಕೊಂಡು, "ನಾನು ಕರುಣಾ, ಮೈಸೂರಿನೋಳು" ಎಂದೆ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವಳು ನನ್ನತ್ತ ತಿರುಗಿದಳು. "ಆಂಟಿ, ನಮ್ ಫೆಲೋಶಿಪ್‌ನೋರಿಗೆ ಹೇಳ್ಬೇಡಿ" ಎನ್ನುವುದೇ ಅವಳ ಮೊದಲ ಮಾತಾಯಿತು.

ಆಮೇಲೆ ಸ್ವಲ್ಪಸ್ವಲ್ಪವಾಗಿ, ಪಿಸುದನಿಯಲ್ಲಿ ಹೇಳಿದಳು. ಗಂಟಲು ಅಷ್ಟಕ್ಕೇ ಬಿಡುತ್ತಿತ್ತು. ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅವರ ಮನೆಯಲ್ಲಿ ಫೆಲೋಶಿಪ್‌ನ, ಅಂದರೆ ಅಲ್ಲಿನ ಕನ್ನಡ ಕ್ರೈಸ್ತರ ಪ್ರಾರ್ಥನಾ ಕೂಟದ, ಬೈಬಲ್ ಸ್ಟಡಿ ಇತ್ತು. ನಡೆಸುವವನು ಅನಿಲನೇ. ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರಾರ್ಥನಾ ವಿಷಯ ಹೇಳುವುದು ವಾಡಿಕೆ. ಒಬ್ಬರಿಗೆ ಗ್ರೀನ್ ಕಾರ್ಡ್ ಚಿಂತೆ, ಇನ್ನೊಬ್ಬರಿಗೆ ಅತ್ತೆಯ ಮಂಡಿ ಆಪರೇಷನ್. ಶೀಬಾ ತನ್ನ ಸರದಿಯಲ್ಲಿ, ನಮ್ಮನೇಲಿ ಸಮಾಧಾನ ಇರೋ ಹಾಗೆ ಪ್ರಾರ್ಥನೆ ಮಾಡಿ ಎಂದಳು. ಎಲ್ಲರೂ ಆಮೆನ್ ಎಂದರು, ಬಿರಿಯಾನಿ ತಿಂದರು, ಹೊರಟರು. ಕೊನೆಯ ಕಾರು ಮರೆಯಾಗುವ ತನಕ ಅನಿಲ್ ಬಾಗಿಲಲ್ಲಿ ನಿಂತು ಕೈ ಬೀಸಿದ. ಬಾಗಿಲು ಹಾಕಿದವನೇ ಅವಳ ಜುಟ್ಟು ಹಿಡಿದು ಬೇಸ್‌ಮೆಂಟಿಗೆ ಎಳೆದುಕೊಂಡು ಹೋದ. ಕೂದಲು ಬುಡಸಮೇತ ಕಿತ್ತು ಬಂದಾಗ ಕುತ್ತಿಗೆ ಹಿಡಿದ. ಎದೆಯ ಮೇಲೆ ಮಂಡಿಯೂರಿ ಹಿಸುಕುತ್ತಾ, "ನಾಲ್ಕು ಜನರ ಮುಂದೆ ಮರ್ಯಾದೆ ಕಳೀತೀಯಾ? ಈ ವರ್ಷದ ನಿನ್ ವಾಗ್ದಾನ ಏನು, ಹೇಳು" ಎಂದು ಕೇಳುತ್ತಿದ್ದನಂತೆ. ಅವಳಿಗೆ ಪ್ರಜ್ಞೆ ಮರಳಿದಾಗ ಮೇಲೆ ಅವನು ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳಿಸಿತು. ಬೇಸ್‌ಮೆಂಟಿನ ಹಿಂಬಾಗಿಲಿಂದ ಹೊರಬಿದ್ದು, ಬರಿಗಾಲಲ್ಲಿ ಹಿಮದ ಮೇಲೆ ನಡೆದು ಪಕ್ಕದ ಮನೆಯ ವಸುಧಾ ಎಂಬವರ ಬಾಗಿಲು ತಟ್ಟಿದಳು. ಆ ಪುಣ್ಯಾತಗಿತ್ತಿ ಒಂದು ಪ್ರಶ್ನೆಯನ್ನೂ ಕೇಳದೆ ತನ್ನ ಚಪ್ಪಲಿ ಹಾಕಿಸಿ, ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತಂದರು.

ವಾಗ್ದಾನದ ವಿಷಯ ನಮ್ಮ ಕಡೆಯವರಲ್ಲದ ಓದುಗರಿಗೆ ಹೇಳಬೇಕು. ವರ್ಷದ ಕೊನೆಯ ದಿನದ ಆರಾಧನೆಯಲ್ಲಿ ಒಂದು ತಟ್ಟೆ ಬರುತ್ತದೆ. ಅದರ ತುಂಬ ಚಿಕ್ಕ ಚಿಕ್ಕ ಕಾರ್ಡುಗಳು, ಒಂದೊಂದರಲ್ಲೂ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದೊಂದು ವಾಕ್ಯ. ಕಣ್ಣು ಮುಚ್ಚಿ ಒಂದು ತೆಗೆದರೆ, ಬಂದದ್ದು ಮುಂದಿನ ವರ್ಷಕ್ಕೆ ದೇವರು ನಿಮಗೇ ಕೊಟ್ಟ ಮಾತು. ಅದನ್ನು ಫ್ರಿಜ್ ಮೇಲೆ ಅಂಟಿಸುತ್ತೇವೆ, ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇವೆ. ನಾನೂ ತೆಗೆದವಳೇ. ಶೀಬಾ ಸದಾ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ, ಈಗ ಮುಷ್ಟಿಯಲ್ಲಿ ಹಿಡಿದಿದ್ದ ಕಾರ್ಡಿನ ವಾಕ್ಯದ ತಾತ್ಪರ್ಯ ಇಷ್ಟು: ನಿನ್ನ ಪರವಾಗಿ ದೇವರೇ ಹೋರಾಡುತ್ತಾನೆ, ನೀನು ಸುಮ್ಮನಿರು. ಜನವರಿಯಲ್ಲಿ ಮೊದಲ ಏಟು ಬಿದ್ದಾಗ ಅವಳು ಫೆಲೋಶಿಪ್‌ನ ಹಿರಿಯರಾದ ದಯಾನಂದ ಅಂಕಲ್‌ಗೆ ಫೋನ್ ಮಾಡಿದ್ದಳು. "ವಾಗ್ದಾನ ನೆನಪಿಟ್ಕೋಮ್ಮ, ಸುಮ್ನಿರು, ನಾವು ಪ್ರಾರ್ಥನೆ ಮಾಡ್ತೀವಿ" ಎಂದಿದ್ದರು ಅವರು. ಕೆಟ್ಟ ಮನುಷ್ಯರೇನಲ್ಲ. ಆದರೆ ಒಂದು ಹೆಣ್ಣಿನ ಬಾಯಿಗೆ ಬಟ್ಟೆ ತುರುಕಲು ಕೆಟ್ಟವರೇ ಆಗಬೇಕೆಂದಿಲ್ಲ.

"ಪೊಲೀಸ್‌ಗೆ ಹೇಳಿದ್ರೆ ದೇವ್ರ ಮಾತು ಮೀರಿದ ಹಾಗಲ್ವಾ ಆಂಟಿ?" ಎಂದು ಶೀಬಾ ಕೇಳಿದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಆ ಕಾರ್ಡು ಕಿತ್ತುಕೊಂಡು ಚೂರುಚೂರು ಮಾಡಬೇಕೆನಿಸಿತು. ಆದರೆ ಇಡೀ ವರ್ಷ ಒದೆ ತಿಂದವಳು ಕೈಯಲ್ಲಿ ಹಿಡಿದುಕೊಂಡಿದ್ದು ಅದೊಂದನ್ನೇ. ಅದನ್ನೂ ಕಿತ್ತುಕೊಂಡರೆ ಅವನಿಗೂ ನನಗೂ ಏನು ವ್ಯತ್ಯಾಸ? ಆಫೀಸಿನಿಂದ ನನ್ನ ಕನ್ನಡ ಸತ್ಯವೇದ ತಂದು ಅವಳ ಮಡಿಲಲ್ಲಿಟ್ಟು, "ಈ ವಾಕ್ಯ ಎಲ್ ಬರುತ್ತೆ, ತೆಗಿ ನೋಡೋಣ" ಎಂದೆ.

ಸಂಡೇ ಸ್ಕೂಲಿನಲ್ಲಿ ಬೆಳೆದವಳು, ಥಟ್ಟನೆ ತೆಗೆದಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿಬಂದ ಜನ. ಮುಂದೆ ಸಮುದ್ರ, ಹಿಂದೆ ರಾಜನ ಸೈನ್ಯ. ಹೆದರಿ ಕಂಗಾಲಾದ ಜನಕ್ಕೆ ಅವರ ನಾಯಕ ಹೇಳುವ ಮಾತು ಅದು. ಅವಳು ಓದಿ ನಿಲ್ಲಿಸಿದಳು. "ಅಲ್ಲೇ ನಿಲ್ಬೇಡ, ಮುಂದೆ ಓದು" ಎಂದೆ. ಅದರ ಮರುವಾಕ್ಯದಲ್ಲೇ ದೇವರು ಆ ನಾಯಕನನ್ನು ಗದರುತ್ತಾನೆ: ನನ್ನ ಮುಂದೆ ಗೋಳಾಡುವುದೇಕೆ, ಎದ್ದು ಮುಂದಕ್ಕೆ ನಡೆಯಲು ಜನಕ್ಕೆ ಹೇಳು. ಶೀಬಾ ಅದನ್ನು ಎರಡೆರಡು ಸಲ ಓದಿದಳು.

"ಇದು ಕಾರ್ಡಲ್ಲಿ ಇಲ್ವಲ್ಲ ಆಂಟಿ."

"ಕಾರ್ಡು ಚಿಕ್ಕದು ಕಣಮ್ಮ, ಹಿಡಿಸಿಲ್ಲ."

ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು. ಹೀಗೆ ಮಾಡು ಎನ್ನುವಂತಿಲ್ಲವಲ್ಲ, ಹಲ್ಲು ಕಚ್ಚಿ ಕೂತಿದ್ದೆ.

ಚರ್ಚ್ ಮುಗಿಸಿಕೊಂಡು, ಆಸ್ಪತ್ರೆ ಯಾವುದೆಂದು ಪತ್ತೆ ಮಾಡಿ, ಮಧ್ಯಾಹ್ನ ಅನಿಲ್ ಬಂದ, ಹೂಗುಚ್ಛ ಹಿಡಿದ ದಯಾನಂದರನ್ನು ಜೊತೆಗೆ ಕರೆದುಕೊಂಡು. ಒಳಗೆ ಬಿಡಲೇ ಎಂದು ಡೆನಿಸ್ ಕೇಳಿದಾಗ ಶೀಬಾ, "ಅಂಕಲ್ ಇದಾರಲ್ಲ, ಬರ್ಲಿ" ಎಂದಳು. ರೋಗಿ ಒಪ್ಪಿದ ಮೇಲೆ ತಡೆಯುವಂತಿರಲಿಲ್ಲ. ಡೆನಿಸ್ ಜಾಣೆ, ಇಬ್ಬರು ಸೆಕ್ಯುರಿಟಿಯವರನ್ನು ಕರೆಸಿ ಕಾರಿಡಾರಿನಲ್ಲಿ ನಿಲ್ಲಿಸಿದಳು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

"ಸ್ತೋತ್ರ ಆಂಟಿ" ಎಂದು, ನನ್ನ ಬ್ಯಾಡ್ಜಿನ ಹೆಸರನ್ನೂ ಕನ್ನಡ ಸತ್ಯವೇದವನ್ನೂ ನೋಡಿ, ನಮ್ಮವರ ರೀತಿಯಲ್ಲಿ ವಂದಿಸಿದ ಅನಿಲ್, ಬಲು ವಿನಯದಿಂದ. "ಡಿಸ್ಚಾರ್ಜ್‌ಗೆ ಕೇಳಿದೀನಿ. ಒಂದ್ ಸಣ್ಣ ಪ್ರಾರ್ಥನೆ ಮಾಡಿ ಮನೆಗೆ ಹೊರಡ್ತೀವಿ." ಡ್ರಿಪ್ ಹಾಕಿದ್ದ ಅವಳ ಕೈಯನ್ನು ಸೂಜಿಯ ಮೇಲೇ ಅದುಮಿ ಹಿಡಿದ. ಟ್ಯೂಬಿನೊಳಗೆ ರಕ್ತ ಹಿಮ್ಮುಖವಾಗಿ ಏರಿತು. "ನಿನ್ ವಾಗ್ದಾನ ಹೇಳು ಶೀಬಾ. ಅದ್ರಿಂದಲೇ ಶುರು ಮಾಡೋಣ."

ಅವಳು ಹೇಳಿದಳು. ಆದರೆ ನಿಲ್ಲಿಸಲಿಲ್ಲ. ಎದ್ದು ನಡೆಯಿರಿ ಎನ್ನುವ ಮರುವಾಕ್ಯವನ್ನೂ ಹೇಳಿದಳು.

"ಅದು ನಿನ್ ವಾಕ್ಯ ಅಲ್ಲ" ಎಂದ ಅನಿಲ್.

"ಅದ್ರ ಮುಂದಿಂದು ಕಣ್ರಿ. ನಾನು ಮನೆಗೆ ಬರಲ್ಲ." ಹಿರಿಯರ ಕಡೆ ತಿರುಗಿದಳು. "ಅಂಕಲ್, ನಾನು ಮೆಟ್ಟಿಲಿಂದ ಬಿದ್ದಿಲ್ಲ. ಇವ್ರು ಕತ್ತು ಹಿಸುಕಿದ್ರು."

ಅನಿಲನ ಮುಷ್ಟಿ ಅವಳ ಬಾಯಿಗೆ ಬಿತ್ತು. ತುಟಿ ಸೀಳಿ ಒಂದು ಹಲ್ಲು ಹೊದಿಕೆಯ ಮೇಲೆ ಉದುರಿತು. ಮರುಕ್ಷಣ ಅವನು ಹಾಸಿಗೆಯ ಮೇಲೆ ಹತ್ತಿ, ನಿನ್ನೆಯ ಗುರುತುಗಳ ಮೇಲೇ ಎರಡೂ ಕೈ ಊರಿ ಅದುಮುತ್ತಿದ್ದ. ಡ್ರಿಪ್ ಕಂಬ ಉರುಳಿತು. ನಾನು ಕಿರುಚುತ್ತಾ ಅವನ ಕಾಲರಿಗೆ ಜೋತುಬಿದ್ದೆ. ಮೊಣಕೈಯಿಂದ ನನ್ನ ಮುಖಕ್ಕೆ ಗುದ್ದಿದ. ಮೂಗಿನ ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಕೈಗೆ ಸಿಕ್ಕ ಊಟದ ಟ್ರೇಯಿಂದ ಅವನ ಕಿವಿಯ ಮೇಲೆ ಬಾರಿಸಿದೆ. ಸತ್ಯವೇದ ಇನ್ನೂ ಹತ್ತಿರದಲ್ಲಿತ್ತು, ಆದರೆ ಅದರಿಂದ ಹೊಡೆಯುವ ಕೆಲಸ ಆ ಮನೆಯಲ್ಲಿ ಬೇಕಾದಷ್ಟು ಆಗಿತ್ತು. ಸೆಕ್ಯುರಿಟಿಯವರು ನುಗ್ಗಿ ಅವನನ್ನು ನೆಲಕ್ಕೆ ಕೆಡವಿದರು. ಒಬ್ಬನ ಕೈಯನ್ನು ರಕ್ತ ಬರುವಂತೆ ಕಚ್ಚಿದ. ಕೆನ್ನೆ ನೆಲಕ್ಕೊತ್ತಿ ಹಿಡಿದಿದ್ದರೂ "ಸುಮ್ನಿರು, ಸುಮ್ನಿರು" ಎಂದು ಅವಳತ್ತ ಅರಚುತ್ತಲೇ ಇದ್ದ. ದಯಾನಂದರು ಹೂಗುಚ್ಛ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದರು.

ಪೊಲೀಸರು ಬಂದರು. ಶೀಬಾ ಬರೀ ಉಸಿರಿನಲ್ಲೇ ತನ್ನ ಹೇಳಿಕೆ ಕೊಟ್ಟಳು. ಇನ್ನು ದಯಾನಂದರ ಸರದಿ. ಅವರು ನನ್ನ ಹತ್ತಿರ ಸರಿದು ಕನ್ನಡದಲ್ಲಿ, "ಏನ್ ಹೇಳ್ಲಿ ಕರುಣಾ ಅವ್ರೇ? ಹುಡುಗನ ವೀಸಾ, ಕೆಲಸ, ಎಲ್ಲ ಹೋಗುತ್ತೆ" ಎಂದರು.

ನನ್ನ ಮೂಗಿಗೆ ಒತ್ತಿಕೊಂಡಿದ್ದ ಬಟ್ಟೆ ರಕ್ತದಲ್ಲಿ ತೊಯ್ದಿತ್ತು. "ಕಂಡಿದ್ದು ಹೇಳಿ. ಸುಮ್ನಿರಿ ಅಂತ ನಾನಂತೂ ಹೇಳಲ್ಲ" ಎಂದೆ.

ಅವರು ಕುಸಿದು ಕೂತು ಅತ್ತರು. ಅತ್ತಾದ ಮೇಲೆ ಎಲ್ಲವನ್ನೂ ಹೇಳಿದರು, ಜನವರಿಯ ಫೋನಿನ ಮಾತನ್ನೂ ಸೇರಿಸಿ. ಕೋರ್ಟಿನಲ್ಲೂ ಅದನ್ನೇ ಹೇಳಿದರು. ಅನಿಲ್ ಜೈಲಿಗೆ ಹೋದ.

ಶೀಬಾ ಈಗ ಶಿಕಾಗೋದಲ್ಲಿದ್ದಾಳೆ, ಭಾರತೀಯ ಅಂಗಡಿಗಳು ತುಂಬಿದ ಡೆವನ್ ಅವೆನ್ಯೂ ಹಿಂದಿನ ಬೀದಿಯಲ್ಲಿ ಅಕ್ಕನ ಮನೆಯಲ್ಲಿ. ಲಾಯರ್ ಒಬ್ಬರ ನೆರವಿನಿಂದ ಬೇರೆ ವೀಸಾಕ್ಕೆ ಅಪ್ಲೈ ಮಾಡಿ, ಪರ್ಮಿಟ್ ಬಂದ ಮೇಲೆ ಕೆಲಸಕ್ಕೆ ಸೇರಿದಳು. ನಾನು ಹೋದಾಗ ದೋಸೆ ತಿನ್ನಿಸಲು ಕರೆದುಕೊಂಡು ಹೋಗಿದ್ದಳು. ಪಕ್ಕದಲ್ಲಿ ಬಸ್ಸು ಜೋರಾಗಿ ಬ್ರೇಕ್ ಹಾಕಿದರೆ ಅವಳ ಕೈ ಈಗಲೂ ಕುತ್ತಿಗೆಗೆ ಹೋಗುತ್ತದೆ. ನನ್ನ ಮೂಗೂ ಸೊಟ್ಟಗೇ ಉಳಿದಿದೆ.

ಆ ಕೆಲಸ ನನಗೆ ಕಲಿಸಿದ್ದು ಇದು: ನೊಂದವರ ಕೈಯಲ್ಲಿರುವ ನಂಬಿಕೆಯನ್ನು ಕಿತ್ತುಕೊಳ್ಳಬಾರದು, ಅದನ್ನು ಅರ್ಧಕ್ಕೆ ಕತ್ತರಿಸಿ ಕೊಟ್ಟವರ ಕೈಗೂ ಬಿಡಬಾರದು. ಪಕ್ಕದಲ್ಲಿ ಕೂತು ಮುಂದೆ ಓದಿಸಬೇಕು. ಹೋದ ಹೊಸ ವರ್ಷಕ್ಕೆ ಶೀಬಾ ಫೋನ್ ಮಾಡಿದ್ದಳು. ಅಲ್ಲಿನ ಚರ್ಚಿನಲ್ಲೂ ತಟ್ಟೆ ಬಂದಿತ್ತಂತೆ, ಅವಳೂ ಕಾರ್ಡ್ ತೆಗೆದಳಂತೆ. ಈ ಸಲ ಯಾವ ವಾಕ್ಯ ಬಂತು ಎಂದು ಕೇಳಿದೆ.

"ಈಗ್ಲೇ ಹೇಳಲ್ಲ ಆಂಟಿ" ಎಂದಳು. "ಇನ್ನೂ ಆ ಅಧ್ಯಾಯ ಪೂರ್ತಿ ಓದಿಲ್ಲ."